ಚೌಕಟ್ಟಿನ ಆಚೆಗಿನ ದಡ

ಮಂಚನಬೆಲೆ ಜಲಾಶಯ ಎಂದು ಮೊಬೈಲಿನಲ್ಲಿ ಹುಡುಕಿದರೆ ಸಾಲುಸಾಲಾಗಿ ಫೋಟೊಗಳು ಬರುತ್ತವೆ. ನೀಲಿ ನೀರು, ಅದರಾಚೆ ಹಸಿರು ಗುಡ್ಡ, ಹಿನ್ನೆಲೆಯಲ್ಲಿ ಸಾವನದುರ್ಗದ ಬೋಳು ಬಂಡೆ. ಮನುಷ್ಯರಿಲ್ಲ. ಇದ್ದರೂ ನಮಗೆ ಬೆನ್ನು ತಿರುಗಿಸಿ ನೀರು ನೋಡುತ್ತಿರುವ ಒಬ್ಬ ಪ್ರವಾಸಿ ಅಷ್ಟೇ. ಚಿತ್ರಗಳು ಚೆನ್ನಾಗಿವೆ, ಸುಳ್ಳೂ ಅಲ್ಲ. ಆದರೆ ಆ ಫೋಟೊ ತೆಗೆದವರು ನಿಂತಲ್ಲೇ ಸ್ವಲ್ಪ ಪಕ್ಕಕ್ಕೆ ತಿರುಗಿದ್ದರೆ ಮೀನು ಹಿಡಿಯುವವರ ತೆಪ್ಪ, ಒಣಗಲು ಹರವಿದ ಬಲೆ, ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಪೈಪು, ಯಾವುದೋ ಬಡಾವಣೆಯ ತಂತಿಬೇಲಿ, ಒಡೆದ ಬಾಟಲಿಗಳು, 'ಈಜುವುದನ್ನು ನಿಷೇಧಿಸಲಾಗಿದೆ' ಎಂಬ ಫಲಕ, ಎಲ್ಲವೂ ಕಾಣುತ್ತಿದ್ದವು. ಅವು ಚೌಕಟ್ಟಿನೊಳಗೆ ಬರದಂತೆ ಬಹಳ ಜನ ಬಹಳ ಜಾಗರೂಕತೆಯಿಂದ ಕ್ಯಾಮೆರಾ ಹಿಡಿಯುತ್ತಿದ್ದಾರೆ.

ಈ ಸೀಮೆಯನ್ನು ಇಲ್ಲಿಯವರನ್ನು ಬಿಟ್ಟು ಚಿತ್ರಿಸುವ ಅಭ್ಯಾಸಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಕೈಯಿಂದ ಸಾವನದುರ್ಗವನ್ನು ಕಿತ್ತುಕೊಂಡಿತು. ಆ ಸೈನ್ಯದ ಬೆನ್ನಿಗೇ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್, ಮೈಸೂರು ಸೀಮೆಯ ನೋಟಗಳ ಸಂಪುಟವೊಂದನ್ನು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅದರಲ್ಲಿ ಸಾವನದುರ್ಗ ಗೆದ್ದ ಕೋಟೆಯಾಗಿ ನಿಂತಿದೆ. 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ 'ಶೋಲೆ' ಚಿತ್ರೀಕರಣ ಶುರುವಾದಾಗ ರಾಮನಗರ ರಾಮಗಢವಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಇದೇ ಬಂಡೆಗಳನ್ನು ದೂರದ ಬಿಹಾರ ಸೀಮೆಯ ಗುಹೆಗಳ ಬೆಟ್ಟವನ್ನಾಗಿ ತೋರಿಸಿದ. ಬಂಡೆಗಳು ಮಾತ್ರ ಎಲ್ಲ ಚಿತ್ರಗಳಲ್ಲೂ ಅವೇ. ಸುಮಾರು 250 ಕೋಟಿ ವರ್ಷ ಹಳೆಯ ಈ ನಸುಗೆಂಪು ಗ್ರಾನೈಟನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದಲೇ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುತ್ತಾರೆ. ಇಷ್ಟು ಸಲ ಕ್ಯಾಮೆರಾಕ್ಕೆ ಮುಖ ಕೊಟ್ಟ ಸೀಮೆ ಕರ್ನಾಟಕದಲ್ಲಿ ಹೆಚ್ಚಿಲ್ಲ. ಆದರೂ ಇಲ್ಲಿನ ನೀರಿನ ಅಂಚುಗಳು ಐವತ್ತು ವರ್ಷಗಳಲ್ಲಿ ಹೇಗೆ ಬದಲಾದವು ಎಂದು ತೋರಿಸುವ ಚಿತ್ರಮಾಲೆ ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ಸಮುದ್ರವಿಲ್ಲ; ದಡಕ್ಕೆ ಬರವೂ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆಗಳಲ್ಲಿ ನಿಂತು, ರಾಮನಗರದ ಊರೊಳಗೇ ಹಾದು, ಕನಕಪುರ ದಾಟಿ ಹಾರೋಬೆಲೆಯಲ್ಲಿ ಮತ್ತೊಮ್ಮೆ ನಿಂತು, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೆಂಗಳೂರಿನ ಬಸವನಗುಡಿ ಕಡೆಯಿಂದ ಬರುವ ವೃಷಭಾವತಿ ಬೈರಮಂಗಲದಲ್ಲಿ ಕೆರೆಯಾಗಿ ತುಂಬಿ, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಪಶ್ಚಿಮಕ್ಕೆ ಕಣ್ವ ಮತ್ತು ಶಿಂಷಾ. ಇವುಗಳ ನಡುವೆ ನೂರಾರು ಕೆರೆ. 2025ರಲ್ಲಿ ರಾಜ್ಯ ಸರ್ಕಾರ ಈ ತಾಲ್ಲೂಕುಗಳ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಟ್ಟಿತು. ಹೆಸರು ಈಚೆಗೆ ಬಂದರೂ ಬೆಂಗಳೂರು ಈ ಜಿಲ್ಲೆಯ ನೀರಿನ ಅಂಚಿಗೆ ಬಂದು ಕೂತು ದಶಕಗಳೇ ಆಗಿವೆ.

ಸಮುದ್ರದ ಅಂಚು ದಿನಕ್ಕೆ ಎರಡು ಸಲ ಸರಿದಾಡುತ್ತದೆ. ನಮ್ಮ ಜಲಾಶಯಗಳ ಅಂಚು ವರ್ಷಕ್ಕೊಂದು ಸಲ ಹಿಂದೆ ಹೋಗಿ ಮುಂದೆ ಬರುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ನೀರು ಕಾಡಿನ ಬುಡದವರೆಗೆ ಏರಿ ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ನೂರಾರು ಅಡಿ ಅಂಗಳ ಬಿಟ್ಟುಕೊಟ್ಟು ಕೆಳಗಿಳಿದಿರುತ್ತದೆ. ಈ ನಡುವಿನ ಪಟ್ಟಿ ಸರ್ಕಾರದ ದಾಖಲೆಯಲ್ಲಿ ಮುಳುಗಡೆ ಜಮೀನು. ಬಳಕೆಯಲ್ಲಿ ಮಾತ್ರ ಅದು ದನ ಮೇಯುವ ಗೋಮಾಳ, ಹುರುಳಿ–ಸೌತೆ ಬಿತ್ತುವ ಹೊಲ, ಹೂಳು ತುಂಬುವ ಟ್ರ್ಯಾಕ್ಟರ್‌ಗಳ ದಾರಿ, ಭಾನುವಾರ ಕಾರು ಇಳಿಸುವ ಜಾಗ. ಕೆಂಪು ಟಿಟ್ಟಿಭ ಇದೇ ಬಯಲಿನಲ್ಲಿ, ಕಲ್ಲುಹರಳಿನ ನಡುವೆ ಗೂಡೆಂಬುದೇ ಇಲ್ಲದೆ ಮೊಟ್ಟೆ ಇಡುತ್ತದೆ. ಪ್ರಕೃತಿ ಮತ್ತು ಅಭಿವೃದ್ಧಿ ಎದುರುಬದುರಾಗುವ ಜಾಗ ಎಂದರೆ ಈ ಪಟ್ಟಿಯೇ, ಮತ್ತು ಫೋಟೊದಲ್ಲಿ ಮೊದಲು ಕತ್ತರಿಗೆ ಸಿಗುವುದೂ ಇದೇ. ನೀರು ಚೆಂದ, ಬೆಟ್ಟ ಚೆಂದ. ನಡುವಿನ ಬೂದುಬಣ್ಣದ ಕೆಸರು ಯಾರಿಗೆ ಬೇಕು?

ಕೆಸರನ್ನು ಬಿಟ್ಟರೆ ಆಗುವ ನಷ್ಟ ಏನೆಂಬುದಕ್ಕೆ ತಿಪ್ಪಗೊಂಡನಹಳ್ಳಿಯ ಕಥೆ ಸಾಕು. ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಮುಗಿದ ಚಾಮರಾಜಸಾಗರ ಜಲಾಶಯ, ಕಾವೇರಿ ನೀರು ಬರುವವರೆಗೂ ಬೆಂಗಳೂರಿನ ದೊಡ್ಡ ಆಸರೆ. ತುಂಬಿದರೆ 74 ಅಡಿ. ಜಲಾನಯನದಲ್ಲಿ ಕೊಳವೆಬಾವಿಗಳು ಆಳಕ್ಕಿಳಿದವು, ನೀಲಗಿರಿ ತೋಪುಗಳು ಹಬ್ಬಿದವು, ಹಳ್ಳಗಳ ದಾರಿಯಲ್ಲಿ ಬಡಾವಣೆಗಳೆದ್ದವು, ಮೇಲಿನ ಪಟ್ಟಣಗಳ ಕೊಳಚೆ ಕೆಳಗಿಳಿಯಿತು. ಒಳಹರಿವು ವರ್ಷದಿಂದ ವರ್ಷಕ್ಕೆ ಕುಸಿಯಿತು, ಬಂದ ನೀರೂ ಕೆಟ್ಟಿತು. 2012ರ ಕೊನೆಗೆ ಅಲ್ಲಿಂದ ಬೆಂಗಳೂರಿಗೆ ನೀರು ಕೊಡುವುದೇ ನಿಂತಿತು. ಅದಕ್ಕೂ ಮೊದಲು, 2003ರ ನವೆಂಬರ್‌ನಲ್ಲಿ, ಸರ್ಕಾರ ಜಲಾಶಯದ ಸುತ್ತಲೂ ನದಿಗಳ ಇಕ್ಕೆಲದಲ್ಲೂ ಕಟ್ಟಡಗಳಿಗೆ ಕಡಿವಾಣ ಹಾಕುವ ಅಧಿಸೂಚನೆ ಹೊರಡಿಸಿತ್ತು. 2019ರಲ್ಲಿ ಅದೇ ಕಡಿವಾಣವನ್ನು ಸಡಿಲಿಸಿತು. ಕರಾವಳಿಗೆ 1991ರಿಂದಲೂ ಭರತದ ಗೆರೆಯಿಂದ 500 ಮೀಟರ್ ಎಂಬ ಅಳತೆಯ ಕಾನೂನಿದೆ, ಅದು ಜನರ ಬಾಯಲ್ಲೂ ಇದೆ. ಒಳನಾಡಿನ ನೀರಿನಂಚಿನ ಕಾನೂನು ಒಂದೊಂದು ಜಲಾಶಯಕ್ಕೆ ಒಂದೊಂದು ಥರ, ಕಡತಗಳಲ್ಲೇ ಬದಲಾಗಿಬಿಡುತ್ತದೆ. ತಿಪ್ಪಗೊಂಡನಹಳ್ಳಿಯ ಕಡಿವಾಣದ ಗೆರೆ 2003ರಲ್ಲಿ ನೆಲದ ಮೇಲೆ ಎಲ್ಲಿತ್ತು, ಗೆರೆಯೊಳಗೆ ಏನಿತ್ತು ಎಂದು ಇಂದು ಯಾರಾದರೂ ಕೇಳಿದರೆ, ಉಪಗ್ರಹದ ಚಿತ್ರವೇ ಗತಿ. ಲ್ಯಾಂಡ್‌ಸ್ಯಾಟ್ 1972ರಿಂದ ಭೂಮಿಯನ್ನು ಚಿತ್ರಿಸುತ್ತಿದೆ, 2008ರಿಂದ ಆ ಚಿತ್ರಗಳು ಉಚಿತ. ಆದರೆ ಅದರ ಒಂದು ಚುಕ್ಕೆಗೆ ನೆಲದ ಮೇಲೆ 30 ಮೀಟರ್ ಅಗಲ. ಒಂದು ಮನೆ, ಒಂದು ಬೇಲಿ, ಒಂದು ತೂಬು ಅದರಲ್ಲಿ ಕಾಣುವುದಿಲ್ಲ. ನೆಲದ ಮೇಲೆ ನಿಂತು ತೆಗೆದ ಮಾಮೂಲಿ ಫೋಟೊದಲ್ಲಿ ಕಾಣುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಸರಳ ಏರ್ಪಾಡು ಶುರುವಾಯಿತು. ಕಡಲತೀರ ಚೆನ್ನಾಗಿ ಕಾಣುವ ಜಾಗದಲ್ಲಿ ಮೊಬೈಲ್ ಕೂರಿಸಲು ಉಕ್ಕಿನದೊಂದು ಒರಗು. ಹಾದುಹೋಗುವವರು ಫೋನನ್ನು ಅದರಲ್ಲಿಟ್ಟು ಒಂದು ಚಿತ್ರ ತೆಗೆದು ಕಳಿಸುತ್ತಾರೆ. ಎಲ್ಲ ಚಿತ್ರಗಳೂ ಒಂದೇ ಕೋನದವಾದ್ದರಿಂದ ಮರಳದಂಡೆ ಎಷ್ಟು ಹಿಂಜರಿಯಿತು ಎಂದು ಸಂಶೋಧಕರು ಅಳೆಯಬಲ್ಲರು. ಈಗ ಅದು ಹಲವು ದೇಶಗಳಿಗೆ ಹರಡಿದೆ. ಮಂಚನಬೆಲೆ, ಕಣ್ವ, ಹಾರೋಬೆಲೆಗಳಲ್ಲಿ ಉಕ್ಕಿನ ಒರಗೂ ಬೇಕಿಲ್ಲ. ಎರಡೂವರೆ ಶತಕೋಟಿ ವರ್ಷದಿಂದ ಅಲುಗಾಡದ ಬಂಡೆಗಳು ದಡದುದ್ದಕ್ಕೂ ಇವೆ. ಒಂದು ಬಂಡೆ ಆರಿಸಿ, ಅದರ ಮೇಲೆ ನಿಲ್ಲುವ ಜಾಗ ಗೊತ್ತುಮಾಡಿಕೊಂಡು, ಎದುರಿನ ಗುಡ್ಡದ ತುದಿ ಚಿತ್ರದ ಒಂದು ಮೂಲೆಗೂ ಅಣೆಕಟ್ಟೆಯ ಕೊನೆ ಇನ್ನೊಂದು ಮೂಲೆಗೂ ಬರುವಂತೆ ಹಿಡಿದರೆ ಮುಗಿಯಿತು. ಮುಂದಿನ ವರ್ಷ ಬೇರೆಯವರು ಬಂದರೂ ಅದೇ ಚೌಕಟ್ಟು ಸಿಗುತ್ತದೆ. ಹಳೆಯ ನೀರಿನ ಮಟ್ಟ ಬಂಡೆಗಳ ಮೈಮೇಲೆ ಮಾಸಲು ಬಿಳಿ ಗೆರೆಯಾಗಿ ಉಳಿದಿರುತ್ತದೆ. ಆ ಗೆರೆಯೂ ಈಗಿನ ನೀರೂ ಒಂದೇ ಚಿತ್ರದಲ್ಲಿದ್ದರೆ ಅಳತೆಪಟ್ಟಿಯೇ ಸಿಕ್ಕಂತೆ.

ಲೆನ್ಸಿನ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ದೂರದ್ದನ್ನು ಹತ್ತಿರ ಎಳೆಯುವ ಟೆಲಿ ಲೆನ್ಸ್ ಹಿಂದಿನದನ್ನು ಮುಂದಿನದಕ್ಕೆ ಅಂಟಿಸಿ ತೋರಿಸುತ್ತದೆ. ನೀರಿನಿಂದ ಅರ್ಧ ಕಿಲೋಮೀಟರ್ ಆಚೆಗಿರುವ ಕಟ್ಟಡ ದಡದಲ್ಲೇ ಎದ್ದಂತೆ ಕಾಣುತ್ತದೆ. ಒತ್ತುವರಿಯ ಬಗ್ಗೆ ಸಿಟ್ಟಿರುವವರಿಗೆ ಈ ಚಿತ್ರ ಇಷ್ಟವಾಗುತ್ತದೆ, ಆದರೆ ಸರ್ವೆಯವರು ಚೈನು ಹಿಡಿದು ಬಂದ ದಿನ ಅದು ನಿಲ್ಲುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಮೊಬೈಲಿನ ಅಗಲ ಲೆನ್ಸ್ ದಡವನ್ನು ಹಿಗ್ಗಿಸಿ ಕಟ್ಟಡವನ್ನು ದೂರ ತಳ್ಳುತ್ತದೆ. ಜಾಹೀರಾತಿನವರಿಗೆ ಇದು ಅನುಕೂಲ. ನಮ್ಮ ಕಣ್ಣಿಗೆ ಕಾಣುವ ಅಳತೆಗೆ ಹತ್ತಿರವಾದದ್ದು ಐವತ್ತು ಮಿಲಿಮೀಟರ್ ಸುತ್ತಿನ ನೋಟ. ಇಂದಿನ ಬಹುತೇಕ ಫೋನ್‌ಗಳಲ್ಲಿ ಎರಡುಪಟ್ಟು ಜೂಮ್ ಮಾಡಿದರೆ ಅದು ಸಿಗುತ್ತದೆ. ನ್ಯಾಯಾಲಯಕ್ಕೆ ಹೋಗುವ ಚಿತ್ರವಾದರೆ ಇನ್ನೂ ಎಚ್ಚರ ಬೇಕು: 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಜತೆ ಪ್ರಮಾಣಪತ್ರ ಇರಬೇಕು. ಹಾಗಾಗಿ ಮೂಲ ಫೈಲನ್ನು ಹಾಗೇ ಕಾಪಾಡಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತಾಡಿ ಬಂದ ಪ್ರತಿಯಲ್ಲಿ ತೆಗೆದ ಹೊತ್ತು, ಜಾಗದ ವಿವರವೆಲ್ಲ ಅಳಿಸಿಹೋಗಿರುತ್ತದೆ.

ಬಿರುಕುಬಿಟ್ಟ ನೆಲದ ಚಿತ್ರಕ್ಕೂ ಇದೇ ಮಾತು. ಬರ ಎಂದೊಡನೆ ಪತ್ರಿಕೆಗಳಲ್ಲಿ ಬರುವುದು ಅದೇ. ಆದರೆ ಒಳ್ಳೆಯ ಮಳೆಯಾದ ವರ್ಷದಲ್ಲೂ ಜಲಾಶಯದ ಹೂಳು ಬೇಸಿಗೆಯಲ್ಲಿ ಬಿರುಕು ಬಿಟ್ಟೇ ಬಿಡುತ್ತದೆ. ತಾರೀಖು ಮತ್ತು ಅಂದಿನ ನೀರಿನ ಮಟ್ಟ ಇಲ್ಲದೆ ಆ ಚಿತ್ರ ಏನನ್ನೂ ಹೇಳುವುದಿಲ್ಲ.

ಬೈರಮಂಗಲಕ್ಕೆ ಬಂದರೆ ಕ್ಯಾಮೆರಾದ ಕಷ್ಟವೇ ಬೇರೆ. ಬಿಡದಿಯಿಂದ ಒಳಕ್ಕೆ, 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಕೆರೆಗೆ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ, ಪೀಣ್ಯದ ಕಡೆಯ ಕಾರ್ಖಾನೆಗಳ ನೀರು ವೃಷಭಾವತಿಯ ಹೆಸರಿನಲ್ಲಿ ಹರಿದುಬರುತ್ತದೆ. ಬೇಸಿಗೆಯಲ್ಲಿ ಸುತ್ತಲ ಕೆರೆಗಳೆಲ್ಲ ಒಣಗಿದರೂ ಇದು ಒಣಗುವುದಿಲ್ಲ, ನಗರ ದಿನವೂ ನೀರು ಬಳಸುತ್ತದಲ್ಲ. ಬೆಳಗಿನ ಎಳೆಬಿಸಿಲಲ್ಲಿ ಏರಿಯ ಮೇಲಿಂದ ನೋಡಿದರೆ ಆಕಾಶವೆಲ್ಲ ನೀರಿನಲ್ಲಿ ಬಿದ್ದಿರುತ್ತದೆ, ಅಂಚಿನಲ್ಲಿ ಅಂತರಗಂಗೆಯ ಹಸಿರು, ಅಲ್ಲಲ್ಲಿ ಬೆಳ್ಳಕ್ಕಿ. ಫೋಟೊ ತೆಗೆದರೆ ಕ್ಯಾಲೆಂಡರಿಗೆ ಹಾಕಬಹುದು. ಪ್ರತಿಫಲನವನ್ನು ಕಡಿಮೆ ಮಾಡುವ ಪೋಲರೈಸರ್ ಫಿಲ್ಟರನ್ನು ಲೆನ್ಸಿನ ಮುಂದೆ ತಿರುಗಿಸಿದೊಡನೆ ಆ ನೀಲಿ ಕರಗಿ ಕೆಳಗಿನ ಕಪ್ಪು ನೀರು ಮೇಲೆ ಬರುತ್ತದೆ. ನೀರನ್ನು ತೀರ ನೇರವಾಗಿಯೂ ತೀರ ಓರೆಯಾಗಿಯೂ ಅಲ್ಲದೆ ನಡುವಿನ ಕೋನದಲ್ಲಿ ನೋಡಿದಾಗ ಈ ಫಿಲ್ಟರ್ ಅತಿ ಚೆನ್ನಾಗಿ ಕೆಲಸ ಮಾಡುತ್ತದೆ. ವಾಸನೆ ಫೋಟೊದಲ್ಲಿ ಬರುವುದಿಲ್ಲ, ಬಣ್ಣವಾದರೂ ಬರಲಿ.

ತೂಬಿನಿಂದ ನೀರು ಧುಮುಕುವಲ್ಲಿ ನೊರೆ. ಸಾಬೂನುಪುಡಿಯ ರಾಸಾಯನಿಕಗಳು ಸಂಸ್ಕರಣೆಯಾಗದೆ ಬಂದು, ನೀರು ಬೀಳುವ ರಭಸಕ್ಕೆ ಗಾಳಿ ಬೆರೆತು ಉಬ್ಬುತ್ತವೆ. ಚೌಕಟ್ಟಿನ ತುಂಬ ನೊರೆಯೇ ಇದ್ದರೆ ಕ್ಯಾಮೆರಾ ಅದನ್ನು ಬೂದಿಬಣ್ಣ ಮಾಡಿಬಿಡುತ್ತದೆ, ಬೆಳಕನ್ನು ಒಂದು ಹಂತ ಏರಿಸಬೇಕು. ಹೀಗೆ ಏರಿಸುತ್ತಾ ಇಳಿಸುತ್ತಾ ನಾನು ಕಾಲುವೆಯ ಬದಿಯಲ್ಲಿದ್ದಾಗ, ಆಚೆ ದಡದಲ್ಲಿ ಸೀಮೆಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕುಡುಗೋಲು ನಿಲ್ಲಿಸಿ ಕೇಳಿದರು: "ಟೀವಿಯೋರಾ ಸಾರ್?"

"ಇಲ್ಲ ಅಕ್ಕ, ಪೇಪರಿಗೆ ಬರೀತೀನಿ."

"ನೊರೆ ಎಷ್ಟ್ ಬೇಕಾದ್ರೂ ತೆಕ್ಕೊಳಿ. ಹುಲ್ಲು ಬರೋ ಹಂಗೆ ಮಾತ್ರ ತೆಗೀಬೇಡಿ. ನಾಳೆ ಡೇರಿನಾಗೆ ನಮ್ಮೂರ್ ಹಾಲು ಬೇಡ ಅಂದ್ರೆ ಎಲ್ಲಿಗ್ ಹೋಗಾನ?"

ಅವರ ಕಾಲಬುಡದಲ್ಲಿ ಹುಲ್ಲಿನ ಹೊರೆ, ಹೊರೆಯ ತುದಿಯಲ್ಲಿ ಗಾಳಿಗೆ ಹಾರಿಬಂದು ಕೂತ ನೊರೆಯ ಮುದ್ದೆ. ಅದನ್ನು ಅವರು ಕೈಯಿಂದ ಸವರಿ ಹಾಕಿ ಮತ್ತೆ ಬಗ್ಗಿದರು. ಈ ಭಾಗದ ರೈತರು ವೃಷಭಾವತಿಯ ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಸೀಮೆಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ. ಆ ನೀರಿಗೆ ಭತ್ತ ಮೊದಲಿನಂತೆ ಒಗ್ಗದೆ ಬಂದ ಬೆಳೆಗಳಿವು. ನಗರ ಹೊರಹಾಕಿದ್ದು ಹಾಲಾಗಿ, ತರಕಾರಿಯಾಗಿ ನಗರಕ್ಕೇ ಮರಳುತ್ತದೆ. ಇದನ್ನು ತೋರಿಸದ ಬೈರಮಂಗಲದ ಚಿತ್ರ ಅರೆಬರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಹೆಂಗಸು ಹೇಳಿದ್ದೂ ನಿಜ. ಕೊಳಚೆ ಕಳಿಸಿದವರ ಹೆಸರು ಚಿತ್ರದಲ್ಲಿ ಬರುವುದಿಲ್ಲ, ಅದರಲ್ಲಿ ಬದುಕು ಕಟ್ಟಿಕೊಂಡವರ ಮುಖ ಬರುತ್ತದೆ. ಪೆಟ್ಟು ಬೀಳುವುದು ಅವರಿಗೇ. ನಾನು ಅವರಿಗೆ ತೆಗೆದ ಚಿತ್ರಗಳನ್ನೆಲ್ಲ ತೋರಿಸಿದೆ. ಮುಖವಿದ್ದದ್ದನ್ನು, ಊರಿನ ಬೋರ್ಡು ಕಂಡದ್ದನ್ನು ಅವರೆದುರೇ ಅಳಿಸಿದೆ. ಕುಡುಗೋಲು ಹಿಡಿದ ಕೈ, ಹೊರೆ, ಹಿಂದೆ ಕಾಲುವೆ ಇದ್ದ ಒಂದಕ್ಕೆ ಅವರು ಒಪ್ಪಿದರು. ಆಮೇಲೆ ನೀರು ಹೋಗುವ ದಿಕ್ಕನ್ನು ಬಿಟ್ಟು ನೀರು ಬರುವ ದಿಕ್ಕಿಗೆ ಹೊರಟೆ. ಕೆಂಗೇರಿಯ ಕಡೆ ಮೈಸೂರು ರಸ್ತೆಯ ಮಗ್ಗುಲಲ್ಲೇ ವೃಷಭಾವತಿ ಹರಿಯುತ್ತದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರು ದಿನವೂ ದಾಟುವ ಹೊಳೆ ಅದು. ಬೈರಮಂಗಲದ ಚಿತ್ರಮಾಲೆ ಅಲ್ಲಿಂದಲೇ ಶುರುವಾಗಬೇಕು.

ಈ ಕೆರೆಯ ದಡ ಈಗ ಇನ್ನೊಂದು ನಕ್ಷೆಯಲ್ಲೂ ಇದೆ. ಬಿಡದಿ ಉಪನಗರ ಯೋಜನೆಗೆ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಹಳ್ಳಿಗಳ ಸಾವಿರಾರು ಎಕರೆ ಗುರುತಾಗಿದೆ, ರೈತರು ಹೋರಾಟದಲ್ಲಿದ್ದಾರೆ. ಯೋಜನೆಗಳ ಬಣ್ಣದ ಚಿತ್ರಗಳಲ್ಲಿ ಕೆರೆ ಯಾವಾಗಲೂ ನೀಲಿ, ದಡದಲ್ಲಿ ನಡೆಯುವ ಹಾದಿ, ಕೂರುವ ಬೆಂಚು. ಹುಲ್ಲು ಕೊಯ್ಯುವವರಿಗೆ ಅದರಲ್ಲಿ ಜಾಗವಿಲ್ಲ. ಇಂದಿನ ದಡ ಹೇಗಿದೆ, ಅದನ್ನು ಯಾರು ಯಾವುದಕ್ಕೆ ಬಳಸುತ್ತಿದ್ದಾರೆ ಎಂದು ದಾಖಲಿಸಲು ಇದಕ್ಕಿಂತ ತುರ್ತಿನ ಕಾಲ ಬೇರೆ ಬರಲಾರದು.

ರಾಮನಗರ ಪಟ್ಟಣದೊಳಗಿನ ಅರ್ಕಾವತಿಯ ದಂಡೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಘಟಕಗಳ ನೀರು, ಮನೆಗಳ ನೀರು ಹೊಳೆಗಿಳಿಯುತ್ತವೆ. ದೇಶದ ಅತಿ ದೊಡ್ಡ ಗೂಡಿನ ಮಾರುಕಟ್ಟೆಯಿರುವ ಊರಿನ ಸಂಪತ್ತು ಮತ್ತು ಅದರ ಗಸಿ ಒಂದೇ ಸೇತುವೆಯ ಮೇಲಿಂದ ಕಾಣುತ್ತವೆ. 2022ರ ಆಗಸ್ಟ್ ಕೊನೆಯ ಮಳೆಗೆ ಕೆರೆಗಳು ಕೋಡಿಬಿದ್ದು, ಇಲ್ಲಿನ ಬಡಾವಣೆಗಳಿಗೂ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಗೂ ನೀರು ನುಗ್ಗಿದಾಗ, ಹೊಳೆ ತನ್ನ ಹಳೆಯ ಅಂಚು ಎಲ್ಲಿತ್ತೆಂದು ತಾನೇ ತೋರಿಸಿತು. ಅಂದು ಜನ ಮೊಬೈಲಿನಲ್ಲಿ ಹಿಡಿದ ವಿಡಿಯೊಗಳನ್ನು ಯಾರಾದರೂ ಜಾಗ, ಹೊತ್ತು ಸಮೇತ ಒಂದೆಡೆ ಕೂಡಿಹಾಕಿದರೆ ಪ್ರವಾಹದ ನಕ್ಷೆಯೇ ಸಿದ್ಧವಾಗುತ್ತದೆ.

ಚನ್ನಪಟ್ಟಣದ ಕಡೆ ದಡಗಳ ಕಥೆ ಹಗುರವಾಗುತ್ತದೆ. ಶಿಂಷೆಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸಲು ಶುರುವಾದ ಮೇಲೆ, ಒಣಗಿ ಜಾಲಿ ಬೆಳೆದಿದ್ದ ಎಷ್ಟೋ ಕೆರೆಯಂಗಳಗಳಲ್ಲಿ ನೀರು ನಿಂತಿದೆ. ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮೇವಿಗೆ ಸುತ್ತಲ ಕೆರೆಗಳನ್ನೇ ನಂಬಿವೆ. ಅಭಿವೃದ್ಧಿಯೆಂದರೆ ದಡ ಹಾಳಾಗುವುದೇ ಎಂದು ತಿಳಿದವರು ಇಲ್ಲೊಮ್ಮೆ ಬರಬೇಕು: ನೀರೆತ್ತುವ ಪೈಪು ಮತ್ತು ಹೆಜ್ಜಾರ್ಲೆ ಒಂದೇ ಚಿತ್ರದಲ್ಲಿ ನೆಮ್ಮದಿಯಾಗಿ ಕೂರುತ್ತವೆ. ಒಂದೇ ಬೇಡಿಕೆ. ಗೂಡಿನ ಹತ್ತಿರ ಹೋಗಬಾರದು. ಟಿಟ್ಟಿಭ ಕೂಗುತ್ತಾ ತಲೆಯ ಮೇಲೆ ಸುತ್ತುತ್ತಿದೆ ಎಂದರೆ ಅದರ ಮೊಟ್ಟೆ ನಮ್ಮ ಕಾಲಬಳಿ ಇದೆಯೆಂದು ಅರ್ಥ, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಬಿಸಿಲಿನಲ್ಲಿ ತಾಯಿ ಎದ್ದುಹೋದರೆ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗಬಹುದು.

ನೀರಿಗಿಳಿಯಬಾರದು ಎಂಬ ಮಾತನ್ನೂ ಹೇಳಲೇಬೇಕು. ಮಂಚನಬೆಲೆಯಲ್ಲಿ ಜೀವ ಕಳೆದುಕೊಂಡವರಲ್ಲಿ ಹೆಚ್ಚಿನವರು ಹುಡುಗರು. ದಡದಲ್ಲಿ ಗಟ್ಟಿಯಾಗಿ ಕಾಣುವ ನೆಲ ಎರಡು ಹೆಜ್ಜೆ ಮುಂದೆ ಹೂಳು, ಅದರಾಚೆ ಏಕಾಏಕಿ ಆಳ. ಸಂಗಮದಲ್ಲಿ ಮೊಸಳೆ, ಸುಳಿ.

ಕನಕಪುರ ದಾಟಿ ಆ ಸಂಗಮಕ್ಕೆ ಹೋದರೆ ಅಲ್ಲಿರುವುದು ಇನ್ನೂ ಹುಟ್ಟದ ದಡ. ಅರ್ಕಾವತಿ ಕಾವೇರಿಗೆ ಸೇರುವ ಈ ಜಾಗ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಮಡಿಲಲ್ಲಿದೆ. ಹೊಳೆಯಂಚಿನ ಮತ್ತಿ, ಹೊಂಗೆ ಮರಗಳ ಸಾಲು, ಮರಳದಿಬ್ಬದ ಮೇಲೆ ನೀರುನಾಯಿಯ ಹೆಜ್ಜೆಗುರುತು, ಆಳದ ಮಡುಗಳಲ್ಲಿ ಮಹಶೀರ್ ಮೀನು, ಭಾನುವಾರದ ಜನಜಂಗುಳಿ, ಮೀನು ಹುರಿಯುವ ಅಂಗಡಿ, ದಾಟಿಸುವ ಹರಿಗೋಲು. ಇಲ್ಲಿಂದ ಕೆಳಗೆ ಬಂಡೆಗಳ ಇಕ್ಕಟ್ಟಿನಲ್ಲಿ ನದಿ ನುಗ್ಗುವ ಮೇಕೆದಾಟು. ಸುಮಾರು 67 ಟಿಎಂಸಿ ನೀರು ನಿಲ್ಲಿಸುವ ಸಮತೋಲನ ಜಲಾಶಯದ ಯೋಜನೆ ಜಾರಿಯಾದರೆ, ಲೆಕ್ಕದಂತೆ ಐದು ಸಾವಿರ ಹೆಕ್ಟೇರಿನಷ್ಟು ಪ್ರದೇಶ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾಡು. ಸಂಗಮವೂ ಹೊಳೆಯಂಚಿನ ಮುತ್ತತ್ತಿ ಊರೂ ಮುಳುಗಡೆಯೊಳಗೆ. 2022ರ ಜನವರಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಈ ಯೋಜನೆ ಬೇಕೆಂದು ಪಾದಯಾತ್ರೆ ಹೊರಟದ್ದು ಇದೇ ಸಂಗಮದಿಂದ. ಯೋಜನೆ ಬೇಕೆನ್ನುವವರ ವಾದಕ್ಕೂ ತೂಕವಿದೆ, ಕಾಡು ಉಳಿಯಲಿ ಎನ್ನುವವರ ವಾದಕ್ಕೂ ತೂಕವಿದೆ. ತಿಪ್ಪಗೊಂಡನಹಳ್ಳಿಯಂಥ ಆಸರೆಯನ್ನು ಕೈಯಾರೆ ಕೆಡಿಸಿಕೊಂಡ ನಗರಕ್ಕಾಗಿ ಇನ್ನೊಂದು ದಡವನ್ನು ಮುಳುಗಿಸುವ ಮೊದಲು, ಮೊದಲನೆಯದರ ಲೆಕ್ಕ ಚುಕ್ತಾ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಮಾನ ಏನೇ ಆಗಲಿ, ಇಂದಿನ ಹೊಳೆಯಂಚು ಮರದಿಂದ ಮರಕ್ಕೆ, ಬಂಡೆಯಿಂದ ಬಂಡೆಗೆ ಚಿತ್ರವಾಗಬೇಕು. ಅವನ್ನು ಇಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ದಾಖಲಾತಿಯನ್ನು ಒಮ್ಮೆ ತುಂಬಿ ಬೀರುವಿನಲ್ಲಿಡುವ ಬದಲು, ಊರಿನ ಪ್ರೌಢಶಾಲೆಯ ಮಕ್ಕಳ ಕೈಗೆ ಒಂದು ಫೋನು ಕೊಟ್ಟು, ಬೇಸಿಗೆಯಲ್ಲೊಮ್ಮೆ ಮಳೆಗಾಲ ಮುಗಿದ ಮೇಲೊಮ್ಮೆ ಗೊತ್ತುಮಾಡಿದ ಬಂಡೆಯ ಮೇಲೆ ನಿಲ್ಲಿಸಬಹುದು. ಚಿತ್ರದ ಕೆಳಗೆ ತಾರೀಖು, ನಿಂತ ಜಾಗ, ನೋಡಿದ ದಿಕ್ಕು, ನೀರಿನ ಮಟ್ಟ, ಆ ದಿನ ದಡದಲ್ಲಿ ಯಾರು ಏನು ಮಾಡುತ್ತಿದ್ದರು ಎಂಬ ಎರಡು ಸಾಲು. ತೆಪ್ಪ, ದನ, ಪೈಪು, ಬೇಲಿ, ಹಕ್ಕಿ ಯಾವುದನ್ನೂ ಬಿಡಬಾರದು ಎಂದು ಅವರಿಗೆ ಮೊದಲೇ ಹೇಳಿರಬೇಕು.